ಬೆಳ್ಳಗಾದ ಹವಳ ಇನ್ನೂ ಸತ್ತಿಲ್ಲ, ಹಸಿದಿದೆ

2024ರ ಏಪ್ರಿಲ್‌ನಲ್ಲಿ ಉಡುಪಿ, ಮಂಗಳೂರಿನಲ್ಲಿ ಎಲ್ಲಿ ಹೋದರೂ ಎರಡೇ ಮಾತು: ಲೋಕಸಭಾ ಚುನಾವಣೆ ಮತ್ತು ಸೆಕೆ. ಆ ತಿಂಗಳ 15ರಂದು ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ಒಂದು ಘೋಷಣೆ ಮಾಡಿತು. ಜಗತ್ತಿನ ಹವಳದ ದಿಬ್ಬಗಳು ಮತ್ತೆ ಒಟ್ಟೊಟ್ಟಿಗೆ ಬೆಳ್ಳಗಾಗುತ್ತಿವೆ, ಹೀಗಾಗುತ್ತಿರುವುದು ಇದು ನಾಲ್ಕನೇ ಸಲ ಎಂದಿತು. ಮೇ ತಿಂಗಳಲ್ಲಿ ನಮ್ಮ ಲಕ್ಷದ್ವೀಪದಿಂದಲೂ ಅದೇ ಸುದ್ದಿ ಬಂತು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ನೀರಿಗಿಳಿದು ನೋಡಿದಾಗ ಗಟ್ಟಿ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಣ್ಣ ಕಳೆದುಕೊಂಡಿದ್ದವು. ಅಲ್ಲಿಯ ಕಡಲು 2023ರ ಅಕ್ಟೋಬರ್ ಕೊನೆಯಿಂದಲೇ ಬಿಸಿಯೇರಿ ಕೂತಿತ್ತು.

ನಮ್ಮಲ್ಲಿ ಆ ಸುದ್ದಿ ಹೆಚ್ಚು ಓಡಲಿಲ್ಲ. ಓಡಿದ ಕಡೆಯಲ್ಲೂ ಹವಳವೆಲ್ಲ ಸತ್ತುಹೋಯಿತು ಅನ್ನುವ ಹಾಗೆ ಓಡಿತು. ನನಗೆ ಬೇಸರವಾಗುವುದು ಅಲ್ಲೇ. ಬೆಳ್ಳಗಾಗುವುದಕ್ಕೂ ಸಾಯುವುದಕ್ಕೂ ನಡುವೆ ಕೆಲವು ವಾರಗಳ ಅಂತರವಿದೆ. ಹವಳ ಉಳಿಯುತ್ತದೋ ಇಲ್ಲವೋ ಎಂಬುದು ಆ ವಾರಗಳ ಮೇಲೆ ನಿಂತಿದೆ. ಒಂದು ಬಿಸಿಗೂ ಮುಂದಿನ ಬಿಸಿಗೂ ನಡುವೆ ಅದಕ್ಕೆ ಸಿಗುವ ವರ್ಷಗಳ ಮೇಲೂ ನಿಂತಿದೆ. ಸತ್ತೇಹೋಯಿತು ಅಂದುಕೊಂಡರೆ ಮಾಡಲು ಏನೂ ಉಳಿಯುವುದಿಲ್ಲ. ಹಸಿದಿದೆ ಎಂದು ತಿಳಿದರೆ ಮಾಡುವುದು ಬಹಳ ಇದೆ.

ಲಕ್ಷದ್ವೀಪ ಕೇರಳದ ಕಡೆಯ ವಿಷಯ, ನಮಗೇನು ಎಂದು ಕೇಳುವವರಿದ್ದಾರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವುಗಳ ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಅಲ್ಲಿಯ ಕೊಬ್ಬರಿ, ನಾರಿನ ಹಗ್ಗ ಇಲ್ಲಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಈಗಲೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳು ಸಿಮೆಂಟು, ಜಲ್ಲಿ, ಮರಳು, ತರಕಾರಿ ತುಂಬಿಕೊಂಡು ಅತ್ತ ಹೊರಡುತ್ತವೆ. ಜಲ್ಲಿ, ಮರಳು ಇಲ್ಲಿಂದ ಯಾಕೆ ಹೋಗಬೇಕು? ಆ ದ್ವೀಪಗಳಲ್ಲಿ ನಮ್ಮ ಹಾಗೆ ಒಡೆಯಲು ಬಂಡೆ ಇಲ್ಲ. ಇರುವ ಮರಳೆಲ್ಲ ಹವಳ ಪುಡಿಯಾಗಿ ಆದದ್ದು. ಅದನ್ನು ತೋಡಿದರೆ ದ್ವೀಪವೇ ಸವೆಯುತ್ತದೆ.

ಇನ್ನೂ ಹತ್ತಿರದ ವಿಷಯ ಒಂದಿದೆ. ಮಲ್ಪೆಯಿಂದ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ, ಕಡಲಿನ ಅಡಿಯಲ್ಲಿ, ಜೀವಂತ ಹವಳವಿರುವ ಒಂದು ದಿಬ್ಬವಿದೆ. ಅದರ ನೆತ್ತಿಯೇ ನೀರಿನಿಂದ ಸುಮಾರು 40 ಮೀಟರ್ ಕೆಳಗಿದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ 'ಗವೇಷಣಿ' ಎಂಬ ಹಡಗು 1970ರ ದಶಕದ ಕೊನೆಯಲ್ಲಿ ಅದನ್ನು ಗುರುತಿಸಿತು. ಆ ಹಡಗಿನ ಹೆಸರೇ ದಿಬ್ಬಕ್ಕೂ ಬಂತು. ನಮ್ಮ ಉಡುಪಿಯ ಕಡಲಿನ ಎದುರಿಗೇ ಇರುವ ಈ ಗವೇಷಣಿ ದಿಬ್ಬದ ಬಗ್ಗೆ ನಮ್ಮ ಶಾಲೆಗಳಲ್ಲಿ ಒಂದು ಸಾಲಾದರೂ ಪಾಠ ಇರಬೇಕಿತ್ತು, ಅಲ್ವಾ?

ಒಂದು ಬಾಯಿ, ಆರರ ಲೆಕ್ಕದ ಕೈ

ದಿಬ್ಬ ಅಂದಾಗ ಕಣ್ಣಿಗೆ ಬರುವುದು ಕಲ್ಲು. ಆ ಕಲ್ಲಿನ ಮೇಲ್ಮೈಯಲ್ಲಿ ತೆಳುವಾದ ಒಂದು ಜೀವಂತ ಪದರ ಇರುತ್ತದೆ. ಅದರಲ್ಲಿ ಸಾವಿರಾರು ಸಣ್ಣ ಪ್ರಾಣಿಗಳು. ಒಂದೊಂದಕ್ಕೂ ಪಾಲಿಪ್ ಎಂದು ಹೆಸರು. ಹೆಚ್ಚಿನವು ಕೆಲವೇ ಮಿಲಿಮೀಟರ್ ಅಗಲ. ಒಂಟಿಯಾಗಿ ಬಾಳುವ ಅಣಬೆ ಹವಳದ ಪಾಲಿಪ್ ಮಾತ್ರ ಊಟದ ತಟ್ಟೆಯಷ್ಟು ದೊಡ್ಡದಾಗುವುದುಂಟು.

ಪಾಲಿಪ್‌ನ ಮೈ ಒಂದು ಮೆತ್ತನೆಯ ಕೊಳವೆ. ಕೆಳತುದಿ ಮುಚ್ಚಿದೆ. ಮೇಲ್ತುದಿಯಲ್ಲಿ ಬಾಯಿ, ಬಾಯಿಯ ಸುತ್ತ ಸಣ್ಣ ಕೈಗಳು. ದಿಬ್ಬ ಕಟ್ಟುವ ಗಟ್ಟಿ ಹವಳಗಳಲ್ಲಿ ಈ ಕೈಗಳು ಆರರ ಲೆಕ್ಕದಲ್ಲಿರುತ್ತವೆ: ಆರು, ಹನ್ನೆರಡು, ಇಪ್ಪತ್ತನಾಲ್ಕು. ತಿನ್ನುವುದೂ ಅದೇ ಬಾಯಿಂದ, ಹೊಟ್ಟೆಯ ಕಸ ಹೊರಹಾಕುವುದೂ ಅದೇ ಬಾಯಿಂದ. ಮಿದುಳಿಲ್ಲ, ರಕ್ತವಿಲ್ಲ, ಹೃದಯವಿಲ್ಲ. ನರಗಳ ಒಂದು ತೆಳು ಜಾಲವಿದೆ, ಅಷ್ಟೇ. ಮೈಗೆ ಎರಡೇ ಪದರ, ಹೊರಗಿನದು ಮತ್ತು ಹೊಟ್ಟೆಯ ಕಡೆಯದು. ನಡುವೆ ಲೋಳೆಯಂಥ ವಸ್ತು. ಸೋಮೇಶ್ವರ, ಸುರತ್ಕಲ್, ಕಾಪುವಿನ ಬಂಡೆಗಳ ಸಂದಿಯಲ್ಲಿ ಇಳಿತದ ಹೊತ್ತಿಗೆ ನಿಂತ ನೀರಿನಲ್ಲಿ ಹುಡುಕಿದರೆ ಸೀ ಅನಿಮೋನ್ ಸಿಗುತ್ತದೆ. ಮುಟ್ಟಿದರೆ ಮುದುಡಿಕೊಳ್ಳುವ ಹೂವಿನಂಥ ಪ್ರಾಣಿ. ಅದು ಹವಳದ ಹತ್ತಿರದ ಬಂಧು. ಕಲ್ಲಿನ ಗೂಡು ಕಟ್ಟಿಕೊಳ್ಳುವುದಿಲ್ಲ ಎಂಬುದೇ ದೊಡ್ಡ ವ್ಯತ್ಯಾಸ.

ಬಲೆಗೆ ಬಿದ್ದು ಮೀನುಗಾರರ ಕೈ ಉರಿಸುವ ಜೆಲ್ಲಿ ಮೀನೂ ಇದೇ ಬಳಗದ್ದು. ಉರಿಗೆ ಕಾರಣ ಅದರ ಚರ್ಮದಲ್ಲಿರುವ ಕುಟುಕು ಕೋಶಗಳು. ಒಂದೊಂದರೊಳಗೂ ಸುತ್ತಿಟ್ಟ ಒಂದು ನೂಲು. ಏನಾದರೂ ತಾಗಿದರೆ ಕಣ್ಣು ಮಿಟುಕಿಸುವುದರೊಳಗೆ ಅದು ಹೊರಚಿಮ್ಮಿ ವಿಷ ಚುಚ್ಚುತ್ತದೆ. ಹವಳದ ಪಾಲಿಪ್‌ನ ಕೈಗಳಲ್ಲೂ ಇದೇ ಆಯುಧ. ಹಗಲಿನಲ್ಲಿ ಹೆಚ್ಚಿನ ಹವಳಗಳು ಕೈಗಳನ್ನು ಒಳಗೆಳೆದುಕೊಂಡಿರುತ್ತವೆ. ರಾತ್ರಿ ಚಾಚುತ್ತವೆ, ತೇಲಿ ಬರುವ ಸೂಕ್ಷ್ಮ ಪ್ರಾಣಿಗಳನ್ನು ಹಿಡಿದು ತಿನ್ನುತ್ತವೆ. ಪಕ್ಕದಲ್ಲಿ ಬೇರೆ ಜಾತಿಯ ಹವಳ ಬೆಳೆದು ಬಂದರೆ ಜಾಗಕ್ಕಾಗಿ ಕಾದಾಡುವುದೂ ಇದೇ ಆಯುಧದಿಂದ. ಕೆಲವು ಇದಕ್ಕೆಂದೇ ಉದ್ದನೆಯ ಕೈ ಬೆಳೆಸಿಕೊಳ್ಳುತ್ತವೆ.

ಗೂಡು ಕಟ್ಟುವ ಕೆಲಸ ನಡೆಯುವುದು ಪಾಲಿಪ್‌ನ ತಳದಲ್ಲಿ. ಅಲ್ಲಿಯ ಕೋಶಗಳು ಕಡಲ ನೀರಿನಿಂದ ಕ್ಯಾಲ್ಸಿಯಂ ಎಳೆದು ಕೆಳಗೆ ತುಂಬುತ್ತವೆ, ಆಮ್ಲದ ಅಂಶವನ್ನು ಹೊರಗೆ ದೂಡುತ್ತವೆ. ಆಗ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳಾಗಿ ಕೂರುತ್ತದೆ. ನಮ್ಮ ಕಡೆ ಸುಣ್ಣ ಸುಡುತ್ತಿದ್ದ ಮರುವಾಯಿ ಚಿಪ್ಪಿನಲ್ಲಿರುವುದೂ ಇದೇ ವಸ್ತು. ಪಾಲಿಪ್ ತನ್ನ ಅಡಿಯಲ್ಲಿ ಕಲ್ಲು ಏರಿಸುತ್ತ, ತಾನು ಮೇಲಕ್ಕೆ ಸರಿಯುತ್ತ ಹೋಗುತ್ತದೆ. ಒಂದು ಪಾಲಿಪ್ ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಎಲ್ಲವೂ ತೆಳು ಚರ್ಮದಿಂದ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ, ತಿಂದದ್ದನ್ನು ಹಂಚಿಕೊಳ್ಳುತ್ತವೆ. ಗುಂಡು ಗುಂಡಾದ ದೊಡ್ಡ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆದರೆ ಜಾಸ್ತಿ. ಕೊಂಬೆಯಂಥವು 10 ಸೆಂಟಿಮೀಟರ್ ದಾಟುವುದೂ ಇದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಕುಜದೋಷಕ್ಕೆಂದು ಉಂಗುರದಲ್ಲಿ ಹಾಕಿಸಿಕೊಳ್ಳುವ ಕೆಂಪು ಹವಳ ಬೇರೆ ಬಳಗದ್ದು. ಹೆಸರಾಂತ ಕೆಂಪು ಹವಳ ಮೆಡಿಟರೇನಿಯನ್ ಕಡಲಿನದು. ಅದರ ಪಾಲಿಪ್‌ಗೆ ಎಂಟು ಕೈ. ಬೆಳಕು ಕಮ್ಮಿ ಇರುವ ಗುಹೆಗಳಲ್ಲಿ, ಆಳದಲ್ಲಿ ಬೆಳೆಯುತ್ತದೆ. ಮುಂದೆ ಹೇಳುವ ಪಾಚಿ ಅದರೊಳಗೆ ಇಲ್ಲ.

ಒಳಗಿನ ಒಕ್ಕಲು

ರಾತ್ರಿ ಹಿಡಿದು ತಿನ್ನುವ ಆಹಾರದಿಂದ ಅಷ್ಟು ದೊಡ್ಡ ದಿಬ್ಬ ಕಟ್ಟಲು ಸಾಧ್ಯವೇ ಇಲ್ಲ. ಹವಳ ಬೆಳೆಯುವ ನೀರು ನೀಲಿಯಾಗಿ, ತಿಳಿಯಾಗಿ ಕಾಣುತ್ತದೆ. ಅದಕ್ಕೆ ಕಾರಣ ಅದರಲ್ಲಿ ಆಹಾರದ ಅಂಶ ಕಮ್ಮಿ ಇರುವುದು. ಹಾಗಾದರೆ ಶಕ್ತಿ ಎಲ್ಲಿಂದ?

ಪಾಲಿಪ್‌ನ ಹೊಟ್ಟೆಯ ಕಡೆಯ ಪದರದ ಕೋಶಗಳ ಒಳಗೆ ಒಂದು ಬಗೆಯ ಪಾಚಿ ವಾಸ ಮಾಡುತ್ತದೆ. ಹೆಸರು ಜೂಕ್ಸಾಂತೆಲ್ಲೆ. ಒಂದೊಂದು ಪಾಚಿಕಣವೂ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಇವು ಹತ್ತು ಲಕ್ಷ ಮೀರಿ ಇರಬಹುದು. ಬಿಸಿಲು ಬಿದ್ದಾಗ ಇವು ಸಕ್ಕರೆ ತಯಾರಿಸುತ್ತವೆ, ಅದರಲ್ಲಿ ಹೆಚ್ಚಿನದನ್ನು ಪಾಲಿಪ್‌ಗೆ ಬಿಟ್ಟುಕೊಡುತ್ತವೆ. ಬದಲಿಗೆ ಪಾಲಿಪ್ ಇರಲು ಜಾಗ ಕೊಡುತ್ತದೆ, ತನ್ನ ಉಸಿರಿನ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ, ತನ್ನ ಮೈಯ ಕಸದ ಸಾರಜನಕವನ್ನು ಗೊಬ್ಬರವಾಗಿ ಕೊಡುತ್ತದೆ. ನಮ್ಮ ಜಿಲ್ಲೆಯ ಹಳೆಯ ಗೇಣಿ ವ್ಯವಸ್ಥೆಯನ್ನು ನೆನಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ: ಜಾಗ ಧಣಿಯದು, ದುಡಿಮೆ ಒಕ್ಕಲಿನದು, ಬೆಳೆಯ ದೊಡ್ಡ ಪಾಲು ಧಣಿಯ ಅಂಗಳಕ್ಕೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ 90% ತನಕ ಈ ಪಾಚಿಯಿಂದಲೇ ಬರಬಹುದು. ಗೂಡು ಕಟ್ಟುವ ಕೆಲಸ ಹಗಲಿನಲ್ಲಿ ಜೋರಾಗಿ ಸಾಗುವುದೂ ಇದೇ ಕಾರಣಕ್ಕೆ.

ಹವಳದ ಕಂದು, ಹಸಿರು, ಹಳದಿ ಛಾಯೆಗಳಲ್ಲಿ ದೊಡ್ಡ ಪಾಲು ಈ ಪಾಚಿಯದ್ದೇ. ಪಾಲಿಪ್‌ನ ಸ್ವಂತ ಮೈ ಹೆಚ್ಚುಕಮ್ಮಿ ಪಾರದರ್ಶಕ.

ಈಗ ಬಿಸಿಯ ವಿಷಯಕ್ಕೆ ಬರೋಣ. ಒಂದು ಜಾಗದಲ್ಲಿ ಬೇಸಿಗೆಯ ಅತಿ ಬಿಸಿ ತಿಂಗಳಲ್ಲಿ ಸಾಮಾನ್ಯವಾಗಿ ಇರುವ ಉಷ್ಣತೆಗಿಂತ ಬರೀ 1 ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾಗಿ, ಅದು ಕೆಲವು ವಾರ ಹಾಗೇ ಉಳಿದರೆ ಸಾಕು. ಪಾಚಿಯೊಳಗೆ ಬೆಳಕನ್ನು ಸಕ್ಕರೆ ಮಾಡುವ ಯಂತ್ರ ಕೆಡುತ್ತದೆ. ಬೆಳಕು ಮಾತ್ರ ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಆ ಶಕ್ತಿಯಿಂದ ಆಮ್ಲಜನಕದ ವಿಷಕಾರಿ ರೂಪಗಳು ಹುಟ್ಟುತ್ತವೆ. ಅವು ಪಾಚಿಯನ್ನೂ ಪಾಲಿಪ್‌ನ ಕೋಶಗಳನ್ನೂ ಸುಡತೊಡಗುತ್ತವೆ. ಹೊಟ್ಟೆಗೆ ಹಾಕುತ್ತಿದ್ದ ಒಕ್ಕಲೇ ಈಗ ಮನೆಗೆ ವಿಷ. ಪಾಲಿಪ್ ಅದನ್ನು ಹೊರಗೆ ಹಾಕುತ್ತದೆ. ಪಾಚಿ ಹೋದ ಮೇಲೆ ಪಾರದರ್ಶಕ ಮೈಯ ಮೂಲಕ ಕೆಳಗಿನ ಸುಣ್ಣದ ಬಿಳುಪು ಕಾಣುತ್ತದೆ. ನಾವು ಫೋಟೋದಲ್ಲಿ ನೋಡುವ ಬಿಳುಪು ಅದೇ.

ಆ ಹೊತ್ತಿಗೆ ಪಾಲಿಪ್ ಬದುಕಿಯೇ ಇರುತ್ತದೆ. ಕೈ ಚಾಚುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಂಡು ದಿನ ದೂಡುತ್ತದೆ. ನೀರು ಬೇಗ ತಣಿದರೆ, ಉಳಿದ ಅಷ್ಟಿಷ್ಟು ಪಾಚಿ ಮತ್ತೆ ತುಂಬಿಕೊಳ್ಳುತ್ತದೆ, ಬಣ್ಣ ಮರಳುತ್ತದೆ. ತಣಿಯದಿದ್ದರೆ ಹಸಿವಿನಿಂದ, ಅದರ ಬೆನ್ನಿಗೇ ಬರುವ ರೋಗದಿಂದ ಸಾಯುತ್ತದೆ. ಸತ್ತ ಸ್ವಲ್ಪ ದಿನಗಳಲ್ಲೇ ಆ ಕಲ್ಲಿನ ಮೇಲೆ ಹುಲ್ಲಿನಂಥ ಬೇರೆ ಪಾಚಿ ಹಬ್ಬುತ್ತದೆ. ಹಾಗಾಗಿ ಅಚ್ಚ ಬಿಳಿಯ ಹವಳ ಕಂಡರೆ ಅಲ್ಲಿ ಇನ್ನೂ ಜೀವ ಇರಬಹುದು ಎಂದು ಅರ್ಥ. ಮಂಕು ಹಸಿರು ಅಥವಾ ಬೂದು ಬಣ್ಣಕ್ಕೆ ತಿರುಗಿದ್ದರೆ ಕತೆ ಮುಗಿದಿದೆ.

ವಿಜ್ಞಾನಿಗಳು ಇದನ್ನು ಅಳೆಯುವ ಕ್ರಮ ಸರಳ. ಎಷ್ಟು ಡಿಗ್ರಿ ಜಾಸ್ತಿ, ಎಷ್ಟು ವಾರ, ಎರಡನ್ನೂ ಗುಣಿಸಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕ 4 ಮುಟ್ಟಿದರೆ ಬಿಳುಪು ಶುರು. 8 ಮುಟ್ಟಿದರೆ ದೊಡ್ಡ ಮಟ್ಟದ ಸಾವು. 2023ರ ಜನವರಿಯಿಂದ 2025ರ ಮಾರ್ಚ್‌ವರೆಗೆ ಜಗತ್ತಿನ ಹವಳ ದಿಬ್ಬಗಳ ಸುಮಾರು 84% ಪ್ರದೇಶಕ್ಕೆ ಬಿಳುಪು ತರುವಷ್ಟು ಬಿಸಿ ತಗುಲಿತ್ತು.

ವರ್ಷಗಳ ಅಂತರ

ಲಕ್ಷದ್ವೀಪದಲ್ಲಿ ದೊಡ್ಡ ಬಿಳುಪು ಬಂದ ವರ್ಷಗಳನ್ನು ಸಾಲಾಗಿ ಬರೆದು ನೋಡಿ: 1998, 2010, 2016, 2024. ಮೊದಲ ಅಂತರ 12 ವರ್ಷ. ಆಮೇಲೆ 6, ಆಮೇಲೆ 8. ಬೇಗ ಬೆಳೆಯುವ ಕೊಂಬೆ ಹವಳಗಳಿಂದ ಒಂದು ದಿಬ್ಬ ಮತ್ತೆ ತುಂಬಿಕೊಳ್ಳಲು ಏನಿಲ್ಲವೆಂದರೂ ಹತ್ತು ಹದಿನೈದು ವರ್ಷ ಬೇಕು. ವರ್ಷಕ್ಕೆ ಒಂದೇ ಸೆಂಟಿಮೀಟರ್ ಬೆಳೆಯುವ ಗುಂಡು ಹವಳ ಸತ್ತರೆ, ಅಷ್ಟೇ ದೊಡ್ಡದು ಮತ್ತೆ ಆಗಲು ಎರಡು ಮೂರು ತಲೆಮಾರು ಬೇಕಾದೀತು.

ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ 1998ರಿಂದ 2022ರ ತನಕ ಹವಳವನ್ನು ಗಮನಿಸುತ್ತ ಬಂದ ಅಧ್ಯಯನ ಒಂದಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ನಡೆಸಿದ್ದು. ಈ 24 ವರ್ಷಗಳಲ್ಲಿ ಜೀವಂತ ಹವಳದ ಹೊದಿಕೆ ಸುಮಾರು 37%ರಿಂದ 19%ರ ಆಸುಪಾಸಿಗೆ ಇಳಿದಿದೆ. ಅರ್ಧ ಹೋಯಿತು. 2024ರ ಬಿಸಿ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಒಂದೇ ಏಟಿಗೆ ಹೀಗಾಗಲಿಲ್ಲ ಎಂಬುದನ್ನು ಗಮನಿಸಬೇಕು. ಪ್ರತಿ ಸಲವೂ ದಿಬ್ಬ ಏಳಲು ನೋಡಿದೆ. ಎದ್ದು ನಿಲ್ಲುವ ಮೊದಲೇ ಮುಂದಿನ ಬಿಸಿ ಬಂದಿದೆ.

ಏಳುವುದು ಹೇಗೆ ಎಂಬುದು ನನಗೆ ಅತಿ ಪ್ರಿಯವಾದ ಭಾಗ. ಹವಳಕ್ಕೆ ನಡೆದಾಡಲು ಆಗುವುದಿಲ್ಲ. ಆದರೆ ಹಲವು ಜಾತಿಗಳು ವರ್ಷಕ್ಕೊಮ್ಮೆ, ಹುಣ್ಣಿಮೆಯ ನಂತರದ ಕೆಲವೇ ರಾತ್ರಿಗಳಲ್ಲಿ, ಒಟ್ಟಿಗೆ ಮೊಟ್ಟೆ ಮತ್ತು ವೀರ್ಯವನ್ನು ನೀರಿಗೆ ಬಿಡುತ್ತವೆ. ಹೆಚ್ಚಿನ ಹವಳಗಳಲ್ಲಿ ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ. ನೀರಿನ ಉಷ್ಣತೆ, ಚಂದ್ರನ ಬೆಳಕು, ಸೂರ್ಯ ಮುಳುಗಿದ ಹೊತ್ತು, ಇವನ್ನೆಲ್ಲ ಮಿದುಳಿಲ್ಲದ ಪ್ರಾಣಿ ಗುರುತಿಸುತ್ತದೆ. ಮನುಷ್ಯರು ಇದನ್ನು ಸರಿಯಾಗಿ ಕಂಡುಕೊಂಡದ್ದು 1980ರ ದಶಕದ ಆರಂಭದಲ್ಲಿ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ. ಹುಟ್ಟಿದ ಮರಿ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ತೇಲುತ್ತದೆ. ಗಟ್ಟಿ, ಸ್ವಚ್ಛ ಜಾಗ ಸಿಕ್ಕರೆ ಅಂಟಿಕೊಂಡು ಮೊದಲ ಪಾಲಿಪ್ ಆಗುತ್ತದೆ. ಒಕ್ಕಲು ಪಾಚಿಯನ್ನು ಹೆಚ್ಚಿನವು ಸುತ್ತಲ ನೀರಿನಿಂದ ಹೊಸದಾಗಿ ಹುಡುಕಿಕೊಳ್ಳಬೇಕು.

ಇದಕ್ಕೆಲ್ಲ ಬೇಕಾದದ್ದು ಮೊಟ್ಟೆ ಇಡುವಷ್ಟು ಗಟ್ಟಿಯಾಗಿ ಉಳಿದ ತಾಯಿ ಹವಳ. ಹಸಿದು ಬದುಕುಳಿದ ಹವಳ ಮುಂದಿನ ವರ್ಷ, ಎರಡು ವರ್ಷ ಮೊಟ್ಟೆ ಕಮ್ಮಿ ಇಡುತ್ತದೆ. ಅಂದರೆ ಸಾಯದಿದ್ದರೂ ನಷ್ಟ ಇದ್ದೇ ಇದೆ.

ದಿಬ್ಬ ಸವೆದರೆ ಮೊದಲ ಪೆಟ್ಟು ದ್ವೀಪದವರಿಗೆ. ಹವಳದ ದಿಬ್ಬಗಳು ಅಲೆಯ ಶಕ್ತಿಯನ್ನು ಸರಾಸರಿ 97% ಕುಗ್ಗಿಸುತ್ತವೆ. ಲಕ್ಷದ್ವೀಪದ ನೆಲ ಕಡಲಿಗಿಂತ ಒಂದೆರಡು ಮೀಟರ್ ಮಾತ್ರ ಎತ್ತರ. ಅಲ್ಲಿಯವರು ಗಾಳದಲ್ಲಿ ಟ್ಯೂನಾ ಹಿಡಿಯಲು ಬಳಸುವ ಜೀವಂತ ಸಣ್ಣ ಮೀನು ಸಿಗುವುದೂ ದಿಬ್ಬದ ಒಳಗಿನ ಆಳವಿಲ್ಲದ ನೀರಿನಲ್ಲಿ, ಅಂದರೆ ಲಗೂನಿನಲ್ಲಿ. ಕಡಲ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹವಳದ ದಿಬ್ಬ ಯಾವುದೋ ಒಂದು ಹಂತದಲ್ಲಿ ಆಸರೆ. ನಾವು ಇಷ್ಟಪಟ್ಟು ತಿನ್ನುವ ಮುರು ಮೀನು ಅಂಥ ಕಲ್ಲು ಜಾಗಗಳನ್ನೇ ನೆಚ್ಚಿಕೊಂಡದ್ದು.

ನಮ್ಮ ದಡದಲ್ಲಿ ಯಾಕಿಲ್ಲ

ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪವನ್ನು ಹವಳದ ದ್ವೀಪ ಎಂದು ತಿಳಿದುಕೊಂಡವರಿದ್ದಾರೆ. ಅಲ್ಲಿಯ ಕಂಬಗಳು ಲಾವಾ ತಣಿದು ಆದವು. ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು. ದಡದಲ್ಲಿ ರಾಶಿ ಬಿದ್ದಿರುವುದು ಚಿಪ್ಪು.

ನಮ್ಮ ದಡದಲ್ಲಿ ಹವಳದ ದಿಬ್ಬ ಬೆಳೆಯದಿರಲು ಕಾರಣ ನಮ್ಮ ಮಳೆಗಾಲವೇ. ಜೂನ್ ಬಂತೆಂದರೆ ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ಎಲ್ಲವೂ ಘಟ್ಟದ ಕೆಂಪು ಮಣ್ಣನ್ನು ಹೊತ್ತು ತಂದು ಕಡಲಿಗೆ ಸುರಿಯುತ್ತವೆ. ದಡದ ನೀರು ತಿಂಗಳುಗಟ್ಟಲೆ ಕೆಂಪು. ಬೆಳಕು ಒಳಗೆ ಹೋಗದಿದ್ದರೆ ಪಾಚಿ ದುಡಿಯಲಾರದು. ಮಣ್ಣು ಮೈ ಮೇಲೆ ಕೂತರೆ ಪಾಲಿಪ್ ಲೋಳೆ ಸುರಿಸಿ ಒರೆಸಿಕೊಳ್ಳುತ್ತಲೇ ಇರಬೇಕು. ಜೊತೆಗೆ ಸಿಹಿನೀರು ಸೇರಿ ಉಪ್ಪು ಇಳಿಯುತ್ತದೆ. ಆ ಕಾಲದಲ್ಲಿ ಆಳದಿಂದ ಮೇಲೇಳುವ ತಣ್ಣನೆಯ ನೀರಿನಲ್ಲಿ ಆಮ್ಲಜನಕವೂ ಕಮ್ಮಿ. ಅದೇ ನೀರು ಗೊಬ್ಬರದ ಅಂಶ ತರುವುದರಿಂದ ನಮಗೆ ಬಂಗುಡೆ, ಬೂತಾಯಿ ಹೇರಳವಾಗಿ ಸಿಗುತ್ತದೆ. ಹವಳಕ್ಕೆ ಅದು ಒಗ್ಗುವುದಿಲ್ಲ. ದಡದಿಂದ ದೂರ ಸರಿದಷ್ಟೂ ನೀರು ತಿಳಿಯಾಗುತ್ತದೆ. ಉತ್ತರ ಕನ್ನಡದ ಮುರ್ಡೇಶ್ವರದ ಆಚೆ, ನೇತ್ರಾಣಿ ದ್ವೀಪದ ಸುತ್ತ ಹವಳ ಸಿಗುವುದು ಹಾಗೆ.

ಈಗ ಪರಿಹಾರಗಳ ಮಾತು. ಮೀನು ಹೆಚ್ಚಿಸಲೆಂದು ನಮ್ಮ ಕರಾವಳಿಯಲ್ಲೂ ಕಾಂಕ್ರೀಟಿನ ಕೃತಕ ಬಂಡೆಗಳನ್ನು ಕಡಲಿಗೆ ಇಳಿಸುವ ಯೋಜನೆ ಬಂದಿದೆ. ಸಣ್ಣ ದೋಣಿಯವರಿಗೆ ಅದರಿಂದ ಉಪಕಾರವಾದರೆ ಒಳ್ಳೆಯದೇ. ಆದರೆ ಅದನ್ನು ಹವಳಕ್ಕೆ ಬದಲಿ ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕಾಂಕ್ರೀಟು ತಾನಾಗಿ ಬೆಳೆಯುವುದಿಲ್ಲ, ಮುರಿದರೆ ತಾನಾಗಿ ಕೂಡುವುದಿಲ್ಲ. ಹವಳದ ತುಂಡುಗಳನ್ನು ನರ್ಸರಿಯಲ್ಲಿ ಬೆಳೆಸಿ ನೆಡುವುದೂ ನಡೆಯುತ್ತಿದೆ. ಸಣ್ಣ ಜಾಗಕ್ಕೆ ಅದು ಸರಿ. ನೆಟ್ಟ ತುಂಡೂ ಮುಂದಿನ ಬಿಸಿಗೆ ಅದೇ ರೀತಿ ಬೆಳ್ಳಗಾಗುತ್ತದೆ ಎಂಬುದನ್ನು ಮರೆಯಬಾರದು. ಕಾನೂನು ಗಟ್ಟಿಯಾಗಿಯೇ ಇದೆ. ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ಹುಲಿಗೆ ಇರುವಷ್ಟೇ ರಕ್ಷಣೆ. ಶೋಕೇಸಿಗೆಂದು ಹವಳದ ತುಂಡು ಮಾರುವುದೂ ಕೊಳ್ಳುವುದೂ ಅಪರಾಧ. ಬಿಸಿ ನೀರಿಗೆ ಮಾತ್ರ ಕಾನೂನು ತಾಗುವುದಿಲ್ಲ.

ಮೂಲ ಕಾರಣ ಇಂಗಾಲದ ಹೊಗೆ. ಜಗತ್ತಿನ ಸರಾಸರಿ ಉಷ್ಣತೆ 1.5 ಡಿಗ್ರಿ ಏರಿದರೆ 70ರಿಂದ 90% ಹವಳ ದಿಬ್ಬಗಳು ಹೋಗುತ್ತವೆ, 2 ಡಿಗ್ರಿ ಏರಿದರೆ 99% ಹೋಗುತ್ತವೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2018ರಲ್ಲೇ ಹೇಳಿದೆ. ಅದೇ ಇಂಗಾಲ ನೀರಿನಲ್ಲಿ ಕರಗಿ ಕಡಲನ್ನು ಆಮ್ಲದ ಕಡೆಗೆ ವಾಲಿಸುತ್ತಿದೆ. ಪಾಲಿಪ್ ಗೂಡು ಕಟ್ಟಲು ಆಮ್ಲವನ್ನು ಹೊರದೂಡಬೇಕು ಎಂದೆನಲ್ಲ, ಆ ಕೆಲಸಕ್ಕೆ ಈಗ ಹೆಚ್ಚು ಶಕ್ತಿ ಬೇಕು. ಹೊಗೆ ಇಳಿಸುವುದು ದೇಶ ದೇಶಗಳ ಮಟ್ಟದ ಕೆಲಸ. ಅಷ್ಟರೊಳಗೆ ಹಸಿದ ಪಾಲಿಪ್‌ಗೆ ಬೇರೆ ತೊಂದರೆ ಕೊಡದಿರುವುದು ಸ್ಥಳೀಯ ಕೆಲಸ. ಬಿಳುಪಿನ ತಿಂಗಳುಗಳಲ್ಲಿ ಲಂಗರು ಬೀಳಬಾರದು, ಹೂಳೆತ್ತಬಾರದು, ಕೊಳಚೆ ಸೇರಬಾರದು. ಹಬ್ಬುವ ಪಾಚಿಯನ್ನು ಮೇಯುವ ಗಿಳಿ ಮೀನನ್ನು ಹಿಡಿಯಬಾರದು. ಈ ಕೆಲವೇ ವಾರಗಳ ಸಂಯಮದಿಂದ ಹವಳ ಬದುಕುವ ಸಾಧ್ಯತೆ ಜಾಸ್ತಿಯಾಗುತ್ತದೆ.

ಯಾವ ವಾರಗಳು ಎಂದು ಮೊದಲೇ ತಿಳಿಯುವ ವ್ಯವಸ್ಥೆಯೂ ಇದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ನೀರಿನ ಉಷ್ಣತೆ ನೋಡಿ ಹವಳ ಬಿಳುಪಿನ ಎಚ್ಚರಿಕೆ ಕೊಡುತ್ತದೆ. ಅಂಡಮಾನ್, ನಿಕೋಬಾರ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಕಚ್ ಕೊಲ್ಲಿಗಳಿಗೆಂದು ಅದನ್ನು ರೂಪಿಸಲಾಗಿದೆ. ಮಲ್ಪೆ, ಮಂಗಳೂರಿನ ಬೋಟಿನವರಿಗೆ ಎಲ್ಲಿ ಮೀನು ಸಿಗಬಹುದು ಎಂದು ತಿಳಿಸುವ ಸಂಸ್ಥೆಯೂ ಇದೇ. ಅದಕ್ಕೂ ಬಳಸುವುದು ಉಪಗ್ರಹ ಅಳೆದ ನೀರಿನ ಉಷ್ಣತೆಯನ್ನೇ. ಗವೇಷಣಿ ಮತ್ತು ನೇತ್ರಾಣಿಯನ್ನೂ ಆ ಎಚ್ಚರಿಕೆಯ ಪಟ್ಟಿಗೆ ಸೇರಿಸಬೇಕೆಂದು ಕರ್ನಾಟಕ ಸರ್ಕಾರ ಕೇಳಬೇಕು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ, ಸಿಎಂಎಫ್‌ಆರ್‌ಐನ ಕೇಂದ್ರವೂ ಇದೆ. ವರ್ಷಕ್ಕೊಮ್ಮೆ, ಬೇಸಿಗೆ ಮುಗಿಯುವ ಮೊದಲು, ಗವೇಷಣಿ ದಿಬ್ಬಕ್ಕೆ ಕ್ಯಾಮೆರಾ ಇಳಿಸಿ ಅಲ್ಲಿಯ ಹವಳ ಯಾವ ಬಣ್ಣದಲ್ಲಿದೆ ಎಂದು ಬರೆದಿಡುವ ಕೆಲಸವನ್ನು ಇವು ಕೈಗೆತ್ತಿಕೊಳ್ಳಬಹುದು. ಆ ದಾರಿಯಲ್ಲಿ ಓಡಾಡುವ ಆಳಸಮುದ್ರದ ಬೋಟುಗಳೂ, ಆ ನೀರನ್ನು ಬಲ್ಲ ಮೀನುಗಾರರೂ ಮಲ್ಪೆಯಲ್ಲೇ ಇದ್ದಾರೆ.